ದಶಕ ಬಿಟ್ಟ ಲೆಕ್ಕ

ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ
ಈ ಊರಿನ ಅರ್ಧ ಜನ ನನ್ನ ಮೇಜಿನ ಮೇಲೆ
ಶೂ ಡಬ್ಬಿ ಬೋರಲು ಹಾಕುತ್ತಾರೆ.
ಪೆಟ್ರೋಲ್ ಚೀಟಿ, ಹಲ್ಲಿನ ಡಾಕ್ಟರ ಬಿಲ್ಲು,
ಮುರಿದ ಮದುವೆಯ ಕಂತು.
ಪಾದ್ರಿಗೂ ಹೇಳದ್ದು ನನಗೆ ಗೊತ್ತು.
ಮಿಕ್ಕ ತಿಂಗಳು ನಾನು ಬರೀ ಬರ್ನಡೆಟ್,
ಪೀಚ್ ಬೀದಿಯ ಡೋನಟ್ ಅಂಗಡಿಯ ಹಿಂದಿನ ಮೇಜು,
ಸಕ್ಕರೆಯಿಲ್ಲದ ಕಾಫಿ.

ಮತದಾನಕ್ಕೆ ಇನ್ನು ಐದೇ ದಿನ.
ಹೊರಗೆ ಈರಿ ಸರೋವರ ಸೀಸದ ಬಣ್ಣಕ್ಕೆ ತಿರುಗಿದೆ.
ಒಳಗೆ ಆರ್ವಿಲ್, ಕೆಟ್ಟು ನಿಂತ ಕಾರು ಎಳೆದೊಯ್ಯುವವನು,
ನ್ಯಾಪ್ಕಿನ್ನಿನ ಮೇಲೆ ಗವರ್ನರನ ತೆರಿಗೆ ಯೋಜನೆ ಕೂಡುತ್ತಿದ್ದಾನೆ.
"ಮೇಲಿನವನಿಗೆ ಬಿಟ್ಟರೆ ತಾನೇ ಕೆಳಕ್ಕೆ ಸೋರೋದು?"
"ಸೋರತ್ತೆ, ಸೋರತ್ತೆ" ಎಂದ ಥ್ಯಾಡಿಯಸ್.
"ನಲವತ್ತು ವರ್ಷದಿಂದ ಬೊಗಸೆ ಒಡ್ಡಿ ನಿಂತಿದೀನಿ,
ಬಿದ್ದದ್ದು ಬೆವರು. ಅದೂ ನಂದೇ."

ಅವನು ಸೆನೆಟರಮ್ಮನ ಕಡೆ.
"ಉಳ್ಳವರಿಂದ ಕಿತ್ತು ಕೊಡ್ತಾಳೆ, ನೋಡ್ತಿರು."
"ಯಾರು, ಅವಳಾ? ಒಂದು ಅವಧಿ ಕೂತು ಎದ್ದವಳು!
ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ.
ನಮ್ಮವನು ಎರಡು ಸಲ ಗವರ್ನರ್.
ನಿಮ್ಮ ರೈಲು ಕಾರ್ಖಾನೇಲಿ ಹೊಸಬನ ಕೈಗೆ
ಮೊದಲ ದಿನವೇ ಕ್ರೇನ್ ಕೊಡ್ತಿದ್ರಾ?"

ಥ್ಯಾಡಿಯಸ್ ತುಸು ಹೊತ್ತು ಕಪ್ಪಿನೊಳಗೆ ನೋಡಿದ.
"ಮೂರನೇ ಶೆಡ್ಡಲ್ಲಿ ಎಂಜಿನ್ನು ಕೆಡವಿದವನು
ಹೊಸಬ ಅಲ್ಲ. ಇಪ್ಪತ್ತಾರು ವರ್ಷದ ಹಳಬ.
ಕಣ್ಣು ಮುಚ್ಚಿ ಮಾಡ್ತೀನಿ ಅಂತಿದ್ದ.
ಮುಚ್ಕೊಂಡೇ ಮಾಡಿದ."

ನನ್ನ ಬಾಯಿಗೆ ಬೀಗ.
ಆರ್ವಿಲ್‌ನ ಕಳೆದ ವರ್ಷದ ಕೊನೆಯ ಸಾಲು ನನಗೆ ಗೊತ್ತು:
ಲಾರಿಯ ಸವಕಳಿ ಕಳೆದು ಮೂವತ್ತೊಂದು ಸಾವಿರ.
ಅವನು ಎದೆಯೊಡ್ಡಿ ಕಾಯುತ್ತಿರುವ ಆ ಹಣ
ದಾರಿ ತಪ್ಪಿಯೂ ಅವನ ಬೀದಿಗೆ ಬಂದಿಲ್ಲ.
ಥ್ಯಾಡಿಯಸ್‌ಗೆ ಪೂರ್ವದ ಬಡಾವಣೆಯಲ್ಲಿ ಎರಡು ಬಾಡಿಗೆ ಮನೆ.
ಒಂದೇ ಬಾಯ್ಲರಿನ ರಿಪೇರಿಯನ್ನು
ಎರಡು ವರ್ಷ ಖರ್ಚು ಬರೆಸಲು ನೋಡಿದ್ದ.
ನಾನು ಕನ್ನಡಕ ತೆಗೆದು ಅವನನ್ನೇ ನೋಡಿದೆ,
ಚೀಟಿ ಮಡಚಿ ಜೇಬಿಗಿಟ್ಟುಕೊಂಡ.
ಕೆಟ್ಟವರಲ್ಲ ಇಬ್ಬರೂ.
ಒಬ್ಬನಿಗೆ ತಾನು ಆಗಲಿರುವವನ ಮೇಲೆ ಮೋಹ,
ಇನ್ನೊಬ್ಬನಿಗೆ ತಾನು ಆಗಿದ್ದವನ ಮೇಲೆ.

"ಲೆಕ್ಕದವಳು ನೀನು. ನೀನೇ ಹೇಳು."

ಬಾಯಿ ತೆರೆಯುವಷ್ಟರಲ್ಲಿ ಕಾಫಿ ಸುರಿಯುತ್ತಿದ್ದ ಯೆಸೆನಿಯಾ:
"ಒಂದು ಕೇಳಲಾ? ಅಕ್ಕನ ಮಗಳು
ಮಾರ್ಚಿಂದ ನಮ್ಮನೇಲೇ ಇದಾಳೆ.
ಅವಳ ಹೆಸರು ನನ್ನ ತೆರಿಗೆ ಕಾಗದದಲ್ಲಿ ಬರಿಯೋಕೆ
ಇವರಿಬ್ಬರಲ್ಲಿ ಯಾರು ಗೆಲ್ಲಬೇಕು?"

ನ್ಯಾಪ್ಕಿನ್ನು ಹೊರಳಿಸಿ ನೋಡಿದರು ಇಬ್ಬರೂ.
ಆ ಹುಡುಗಿ ಅಲ್ಲಿರಲಿಲ್ಲ.
"ಯಾರೂ ಗೆಲ್ಲಬೇಕಾಗಿಲ್ಲ" ಎಂದೆ.
"ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು
ನಿನ್ನ ಸೂರಿನಡಿ ಮಲಗಿದ್ದರೆ ಸಾಮಾನ್ಯವಾಗಿ ಆಗತ್ತೆ.
ಶಾಲೆಯಿಂದ ವಿಳಾಸದ ಪತ್ರ ತಂದಿಡು,
ಫೆಬ್ರವರಿಯಲ್ಲಿ ಬಾ. ದುಡ್ಡು ತರಬೇಡ."

ಒಂದು ಕೈಯಲ್ಲಿ ಕೆಟಲ್, ಇನ್ನೊಂದರ ಗೆಣ್ಣು ಎಣಿಸುತ್ತ
ಮಾರ್ಚ್, ಏಪ್ರಿಲ್, ಮೇ,
ಅವಳು ಮುಂದಿನ ಮೇಜಿಗೆ ಹೋದಳು.

ಆರ್ವಿಲ್ ಹೊರಡುವಾಗ ಬಸಿಯ ಕೆಳಗೆ ಐದು ಡಾಲರ್ ಇಟ್ಟ.
ಥ್ಯಾಡಿಯಸ್ ಬಗ್ಗಿ ನೋಡಿ
ಆರು ಇಟ್ಟ.

ಉಳಿದದ್ದು ನಾನು, ನ್ಯಾಪ್ಕಿನ್ನು.
ಗಂಟೆಗಟ್ಟಲೆ ಕಿತ್ತಾಡಿದ್ದಾರೆ, ಒಬ್ಬರಿಗೂ ಕಂಡಿಲ್ಲ:
ಎಂಟು ಏಳು ಹದಿನೈದು,
ಐದು ಬರೆದು ದಶಕ ಬಿಟ್ಟಿದ್ದಾನೆ.
ಪೆನ್ಸಿಲ್ ತೆಗೆದು ಮೇಲೆ ಪುಟ್ಟದೊಂದು ಒಂದು ಬರೆದೆ.
ಕಾಫಿಯ ಕಲೆ ಆಗಲೇ ಹರಿದು ಬಂದು
ಅದರ ಕಾಲು ಮುಟ್ಟಿತ್ತು.