ಆರರ ಬದಲು ಐದು

ಎಲ್ ಆಲ್ಟೊದ ಶಾಲೆಗೆ ನಾನು ಬಂದದ್ದು ಜೂನ್ ಚಳಿಗೆ,
ಕೆಳನಾಡಿನ ಬೆವರುವ ಊರಿಂದ,
ಒಂದು ಪೆಟ್ಟಿಗೆ ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ ಹೊತ್ತು.
ಪ್ರಯೋಗಶಾಲೆಗೆ ಮೂವತ್ತೆಂಟು ಮೆಟ್ಟಿಲು.
ಹತ್ತೊಂಬತ್ತರಲ್ಲಿ ಕೂತುಬಿಟ್ಟೆ.
ಪೆಟ್ಟಿಗೆಯನ್ನು ಎಲ್ಮರ್ ಎತ್ತಿಕೊಂಡ.
"ಮೇಷ್ಟ್ರೇ, ಇಲ್ಲಿ ಮಾತಾಡ್ತಾ ಹತ್ತಬಾರದು" ಎಂದ,
ಮಾತಾಡುತ್ತಲೇ ಹತ್ತಿದ.

ಆ ದಿನದ ಪಾಠ: ಉಂಡದ್ದು ಶಕ್ತಿಯಾಗುವ ಬಗೆ.

ಸೂಜಿಗೆ ಕಡಲೇಬೀಜ ಚುಚ್ಚಿ ಕಡ್ಡಿ ಗೀರಿದೆ.
ಮೊದಲನೆಯದು ಆರಿತು. ಎರಡನೆಯದೂ.
ಇಲ್ಲಿ ಬೆಂಕಿಗೂ ಏದುಸಿರು.
ಮೂರನೆಯದಕ್ಕೆ ಬೀಜ ಹತ್ತಿಕೊಂಡು ಚಿಟಿಚಿಟಿ ಎಂದಿತು,
ನಳಿಕೆಯ ತಳದಲ್ಲಿ ನೀರು ಗುಳ್ಳೆಯೆದ್ದಿತು.
"ನೋಡಿ, ಒಂದೇ ಬೀಜದಲ್ಲಿ ಇಷ್ಟು ಬೆಂಕಿ."

ಹಿಂದಿನ ಸಾಲಿಂದ ಯೋಲಾ ಟಿಕೋನಾ:
"ಬೆಳಿಗ್ಗೆ ಒಂದು ಹಿಡಿ ತಿಂದಿದ್ದೇನೆ.
ನಾನ್ಯಾಕೆ ಹೊತ್ತಿಕೊಂಡಿಲ್ಲ?"

ಮೂವತ್ತು ತಲೆ ಅವಳತ್ತ ತಿರುಗಿದವು,
ಹೊಗೆ ಬರುತ್ತಿದೆಯೇ ನೋಡಲು.
ಬರುತ್ತಿತ್ತು.
ಚಳಿಗೆ ಎಲ್ಲರ ಬಾಯಿಂದಲೂ.

ಜೀವಕೋಶ ಎಂದೆ, ಹಂತ ಹಂತವಾಗಿ ಎಂದೆ,
ಹಿಮಕ್ಕೆ ಹಾಸಿ, ಕಾಲಲ್ಲಿ ತುಳಿದು, ಒಣಗಿಸಿಟ್ಟ
ನಿಮ್ಮ ಮನೆಯ ಆಲೂಗಡ್ಡೆ ಚುನ್ಯೊ
ಹೊಟ್ಟೆಯಲ್ಲಿ ಸಕ್ಕರೆಯಾಗುವುದು ಎಂದೆ.
ನನ್ನ ಉಸಿರು ಮುಗಿಯಿತು, ವಾಕ್ಯ ಮುಗಿಯಲಿಲ್ಲ.

ಎಲ್ಮರ್ ಎದ್ದು ನಿಂತ. ಭಾನುವಾರ ಅವನು
ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುವವನು.
"ಇದು ನೂರರ ನೋಟಿನ ಕಥೆ, ಮೇಷ್ಟ್ರೇ.
ನೂರು ಹಿಡಿದು ಹತ್ತುತ್ತಾರೆ, ದೊಡ್ಡ ಮನುಷ್ಯರು.
ಬಸ್ಸು ಓಡೋದು ಚಿಲ್ಲರೆ ಮೇಲೆ.
ಮೊದಲು ಮುರಿಸಬೇಕು."
"ಎಲ್ಲಿ ಮುರಿಸುತ್ತೀ?"
"ಮೂಲೆ ಅಂಗಡಿಯ ಅಜ್ಜಿ ಹತ್ರ.
ಅವಳು ಪುಕ್ಕಟೆ ಕೊಡೋಳಲ್ಲ,
ತನ್ನ ಪಾಲು ಇಟ್ಕೊಂಡೇ ಕೊಡ್ತಾಳೆ."

ಹಲಗೆಯ ಮೇಲೆ ನಾನು ಬರೆದ ಮೈಟೊಕಾಂಡ್ರಿಯಕ್ಕೆ
ಯಾರೋ ದುಂಡು ಟೋಪಿ ಇಟ್ಟರು,
ಎರಡು ಜಡೆ ಇಳಿಬಿಟ್ಟರು.
ಅಳಿಸಲಿಲ್ಲ.
ಅಜ್ಜಿ ಗ್ಲೂಕೋಸನ್ನು ಮುರಿದಳು,
ಎಟಿಪಿ ಎಂಬ ಬಿಡಿಕಾಸು ಎಣಿಸಿ ಕೊಟ್ಟಳು, ಮೂವತ್ತರ ಆಸುಪಾಸು.
ಅರ್ಧಕ್ಕಿಂತ ಹೆಚ್ಚು ತಾನೇ ಇಟ್ಟುಕೊಂಡಳು.

"ಮೋಸ!" ಎಂದಿತು ತರಗತಿ.
"ಅಂಗೈ ಕೆನ್ನೆಗಿಟ್ಟುಕೊಳ್ಳಿ" ಎಂದೆ.
"ಬಿಸಿಯಿದೆಯಲ್ಲ, ಅದು ಅವಳ ಕಮಿಷನ್ನು."
ಕಿಟಕಿಯಾಚೆ ನಲ್ಲಿಯ ನೀರು ಗಾಜಾಗಿ ನಿಂತಿತ್ತು.
ಗಂಟೆ ಹೊಡೆದರೂ ಒಬ್ಬರೂ ಕೈ ತೆಗೆಯಲಿಲ್ಲ.

ಪರೀಕ್ಷೆಯಲ್ಲಿ ಇದ್ಯಾವುದೂ ಇರಲಿಲ್ಲ.
ಸಮೀಕರಣ ಬರೆದು ಸರಿದೂಗಿಸಿ, ಎರಡು ಅಂಕ.
ಒಂದು ಸಕ್ಕರೆಗೆ ಆರು ಆಮ್ಲಜನಕ, ಎಲ್ಲರೂ ಬರೆದಿದ್ದರು.
ಯೋಲಾ ಐದು ಬರೆದಿದ್ದಳು.
ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಇಲ್ಲಿ ಗಾಳಿ ತೆಳು. ನಮಗೆ ಸಿಗುವುದು ಐದೇ.
ಅಷ್ಟರಲ್ಲೇ ಮಾಡಿಕೊಳ್ಳುತ್ತೇವೆ.

ರಾತ್ರಿ, ಕೆಂಪು ಪೆನ್ನು ಹೆಪ್ಪುಗಟ್ಟಿತ್ತು.
ಕಂಕುಳಲ್ಲಿಟ್ಟು ಅಜ್ಜಿಯ ಕಮಿಷನ್ನಿನಲ್ಲಿ ಕಾಯಿಸಿ,
ತಪ್ಪು ಎಂದು ಗೀಟೆಳೆದೆ. ಒಂದು ಅಂಕ ಕಳೆದೆ.
ಪರಮಾಣುವಿನ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.
ಆಮೇಲೆ ಬರೆದೆ:
ಆರೇ ಬೇಕು, ಯೋಲಾ, ಕಡಲ ದಡದಲ್ಲೂ ಇಲ್ಲೂ.
ಐದಕ್ಕೆ ಆರಿಹೋಗುತ್ತದೆ.
ಆರನೆಯದನ್ನು ತರಲೆಂದೇ ನಿನ್ನೆದೆ
ಇನ್ನೊಂದು ಸಲ ಏಳುತ್ತದೆ.

ಮರುದಿನ ಮೂವತ್ತೊಂದನೆಯ ಮೆಟ್ಟಿಲಲ್ಲಿ ಕೂತೆ.
ಉತ್ತರಪತ್ರಿಕೆ ಕೈಯಲ್ಲಿ ಹಿಡಿದೇ ಬಂದಳು,
ಪಕ್ಕ ನಿಂತಳು,
ನನ್ನ ಉಸಿರು ಎಣಿಸುತ್ತ ಎಣಿಸುತ್ತ ಕೇಳಿದಳು:
"ಬಂತಾ, ಮೇಷ್ಟ್ರೇ, ಆರನೆಯದು?"