ಕಾಣಲಿಲ್ಲ

ವಿರಾಜಪೇಟೆಯ ಲ್ಯಾಬಿಗೆ ಕಿಟಕಿ ಒಂದೇ.
ಸಿಸ್ಟರ್ ಬೆನಿಲ್ಡಾ ತೋಳು ಚಾಚಿ ಕೂತಿದ್ದಾರೆ
ಇವತ್ತಿಗೆ ಮೂರನೇ ಸಲ.
"ತಗೊ ಮಗು, ಇನ್ನೂ ಇದೆ" ಎನ್ನುತ್ತಾರೆ,
ನೆರೆಮನೆಗೆ ಮಜ್ಜಿಗೆ ಹೊಯ್ಯುವವರಂತೆ.

ಇಪ್ಪತ್ತಾರು ವರ್ಷ ಬೊಲಿವಿಯಾದಲ್ಲಿ.
ಮಣ್ಣಿನ ಗೋಡೆ, ಹುಲ್ಲಿನ ಮಾಡು,
ಬಿರುಕಿನಲ್ಲಿ ತಿಗಣೆಯಂಥದೊಂದು, ಹೆಬ್ಬೆರಳಿನ ಉಗುರಷ್ಟು,
ದೀಪ ಆರಿದ ಮೇಲೆ ಮಲಗಿದವರ ಕೆನ್ನೆಗೆ ಬರುವುದಂತೆ.
"ನೋವೇ ಇಲ್ಲ. ಬೆಳಿಗ್ಗೆ ಶಾಲೆಯ ಮಕ್ಕಳು ನಕ್ಕರು,
ಒಂದು ಕಣ್ಣು ಮಾತ್ರ ಊದಿತ್ತು."
ಯಾವ ವರ್ಷವೋ ಅವರಿಗೆ ನೆನಪಿಲ್ಲ.
ಎದೆಗಿದೆ:
ನಾಲ್ಕು ಬಡಿತಕ್ಕೊಮ್ಮೆ ಎಣಿಕೆ ತಪ್ಪುತ್ತದೆ.

ಗಾಜಿನ ಮೇಲೆ ಹನಿ ಎಳೆದು, ಬಣ್ಣ ಹಾಕಿ, ಒಣಗಿಸಿ
ಎಣ್ಣೆ ಮಸೂರದಡಿ ಇನ್ನೂರು ವಲಯ ನೋಡಿದೆ.
ಮಲೇರಿಯಾ ಗೊತ್ತು ನನಗೆ, ಉಂಗುರ ತೊಟ್ಟು ಬರುತ್ತದೆ.
ಇದನ್ನು ಪುಸ್ತಕದಲ್ಲಷ್ಟೇ ಕಂಡಿದ್ದೆ:
ಬಾಲ ಬಿಟ್ಟ ಅಲ್ಪವಿರಾಮ.
ಕೆಂಪು ಕಣ, ಕೆಂಪು ಕಣ, ಒಂದು ಬಿಳಿ, ಬಣ್ಣದ ಕಸ,
ಮತ್ತೆ ಕೆಂಪು.

'ಇಲ್ಲ' ಎಂದು ಟೈಪು ಮಾಡಿ ಅಳಿಸಿದೆ.

ಅಪ್ಪ ಮಾಲ್ದಾರೆಯಲ್ಲಿ ಆನೆ ಕಾವಲಿನವ.
ಹೆಂಗಸರು ಕಾಫಿ ಕೊಯ್ಯಲು ಇಳಿಯುವ ಮುಂಚೆ
ಲೈನುಮನೆಗಳಿಗೆ ಸುದ್ದಿ ಮುಟ್ಟಿಸಬೇಕು.
ಮೂವತ್ತು ವರ್ಷದ ಪುಸ್ತಕದಲ್ಲಿ ಒಮ್ಮೆಯೂ
'ಆನೆ ಇಲ್ಲ' ಎಂದು ಬರೆದವನಲ್ಲ.
'ಕಾಣಲಿಲ್ಲ.' ಪಕ್ಕದಲ್ಲಿ ಗಂಟೆ, ನಿಮಿಷ.
ಅಷ್ಟು ದೊಡ್ಡ ಜೀವ, ರೋಬಸ್ಟಾ ಗಿಡಗಳ ನಡುವೆ
ಹತ್ತು ಮಾರು ದೂರದಲ್ಲಿ ಕಿವಿಯಾಡಿಸದೆ ನಿಂತಿರುತ್ತದೆ.
ಲದ್ದಿ ಸಿಕ್ಕರೆ ಅಪ್ಪ ಹಿಂಗೈ ತಾಗಿಸಿ ನೋಡುತ್ತಿದ್ದ,
ಬಿಸಿಯೋ, ಆರಿದ್ದೋ.

ಸಿಸ್ಟರ್ ರಕ್ತದಲ್ಲೂ ಲದ್ದಿ ಸಿಕ್ಕಿದೆ:
ಪ್ರತಿಕಾಯ, ಎರಡೂ ಕಿಟ್ಟುಗಳಲ್ಲಿ.
ಬಿಸಿಯೋ ಆರಿದ್ದೋ, ಅದು ಬಾಯಿ ಬಿಡುವುದಿಲ್ಲ.

ಅದಕ್ಕೇ ಮೂರು ದಿನ, ಮೂರು ನಳಿಕೆ, ಐಸಿನ ಡಬ್ಬ,
ಮೈಸೂರಿನ ಬಸ್ಸು, ಅಲ್ಲಿಂದ ಇನ್ನೂ ದೂರ.
ಮೊದಲನೆಯದರಲ್ಲಿ ಕಾಣಲಿಲ್ಲ.
ಎರಡನೆಯದರಲ್ಲಿ ಕಾಣಲಿಲ್ಲ.
ಮೂರನೆಯದರಲ್ಲಿ, ಯಂತ್ರ ನಲವತ್ತು ಸುತ್ತು ಮುಗಿಸುವ ಮುಂಚೆ,
ಮೂವತ್ತೇಳಕ್ಕೆ ಗೆರೆಯೊಂದು ತಲೆಯೆತ್ತಿತು.
ಅದೇ ನಳಿಕೆಯದನ್ನೇ ಮತ್ತೆ ಹಾಕಿದರೆ ಎತ್ತಲಿಲ್ಲ.

ಫೋನಿನಲ್ಲಿ ಹೇಳಿದೆ.
ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು.
"ಹಾಗಾದರೆ ಇದ್ದಾನೆ" ಎಂದರು,
ಬಹಳ ಕಾಲ ಕಾಗದ ಹಾಕದವನ ಬಗ್ಗೆ ಹೇಳುವ ದನಿಯಲ್ಲಿ.
ಆಮೇಲೆ, ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು.
ನನಗೆ ಗೊತ್ತಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ
ಮೊದಲ ದಿನದ ಗಾಜನ್ನು ಮತ್ತೆ ಇಟ್ಟು
ಇನ್ನೂರೊಂದನೇ ವಲಯದಿಂದ ನೋಡತೊಡಗಿದೆ.