ಹಸಿರು ಎಂದು ಬರೆದ ಡಬ್ಬಿ

ಬೂಡೊದಿಂದ ಹಡಗಿನಲ್ಲಿ ಬಂತು ಅಕ್ಕನ ಸಾಮಾನು:
ಹದಿನಾಲ್ಕು ಬಿಸ್ಕತ್ತಿನ ಡಬ್ಬಿ, ಹೆರಿಂಗ್ ಮೀನಿನ ಎರಡು ಖಾಲಿ ಜಾಡಿ,
ಆಲೂಗಡ್ಡೆ ಚೀಲದೊಳಗೆ ಮಡಿಸಿಟ್ಟ
ಅರ್ಧ ಕಸೂತಿಯ ಉಣ್ಣೆ ಲಂಗ.
ಜೊತೆಗೊಂದು ಚೀಟಿ:
'ಮಿಕ್ಕದ್ದು ನೀನು ಹಾಕು, ತುರೀದ್.
ಮೇ ತಿಂಗಳ ಹಬ್ಬಕ್ಕೆ ಮೊಮ್ಮಗಳು ಸೀವ್ ಉಡಬೇಕು.
ನನಗೆ ಬೇಜಾರು ಬಂದಿದೆ.'

ಬೇಜಾರೇ? ಊನಿಗೆ?
ಮದುವೆಯ ಹಿಂದಿನ ರಾತ್ರಿಯೂ
ಕಾಲುಚೀಲದ ಹಿಮ್ಮಡಿ ಮುಗಿಸಿಯೇ ಮಲಗಿದವಳಿಗೆ?

ವಾರ್ಡೋ ದ್ವೀಪದಲ್ಲಿ ಆಗ ಸೂರ್ಯನಿಗೆ ರಜೆ.
ನವೆಂಬರಿನಲ್ಲಿ ಹೋದವನು
ಜನವರಿ ಅರ್ಧ ಕಳೆಯುವ ತನಕ ಈ ಕಡೆ ತಲೆಹಾಕುವುದಿಲ್ಲ.
ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಅವಳಿ ಮಕ್ಕಳು.
ನಡುಹಗಲು ಕಿಟಕಿಗೆ ಬಂದು ನಿಲ್ಲುವ ಮಬ್ಬು
ತಾನೇ ನೀಲಿ;
ಬಣ್ಣದ ವಿಷಯಕ್ಕೆ ಅದರ ಸಾಕ್ಷಿ ನಡೆಯುವುದಿಲ್ಲ.
ಬಣ್ಣ ಬಿಟ್ಟು ಉಳಿದದ್ದಕ್ಕೆ ಕೈ ಹಾಕಿದೆ.

ಐನಾರನ ಗಾಳದ ಪೆಟ್ಟಿಗೆ ಕಸಿದುಕೊಂಡೆ.
ದೊಡ್ಡ ಗಾಳವಿದ್ದ ಖಾನೆಗೆ ಮೊಂಡು ಮೂತಿಯ ಸೂಜಿ,
ಸಣ್ಣವಿದ್ದ ಕಡೆ ಚೂಪಿನವು,
ಸೀಸದ ಗುಂಡಿದ್ದಲ್ಲಿ ಅಂಗುಸ್ತಾನ,
ಎಲ್ಲಕ್ಕಿಂತ ಅಗಲದ ಖಾನೆಗೆ ಕತ್ತರಿ.
'ಎರಡೂ ಚುಚ್ಚುವ ಕಸುಬೇ ತಾನೆ' ಅಂದೆ.
'ನನ್ನದರಲ್ಲಿ ಊಟ ಸಿಗುತ್ತೆ' ಅಂದ.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಬಲೆಯ ಹಳೇ ಬೆಂಡೊಂದನ್ನು ಸೀಳಿ ತಂದು
ಮೇಜಿನ ಮೇಲಿಟ್ಟು ಹೋದ,
ಸೂಜಿ ಸಿಕ್ಕಿಸಲು.

ಸೂರ್ಯ ಬರುವ ದಿನ ಶಾಲೆಗೆ ರಜೆ.
ಮಕ್ಕಳು ಕೈಯಲ್ಲಿ ಸಿಹಿ ಬನ್ನು ಹಿಡಿದು ದಿಬ್ಬ ಹತ್ತಿದರು.
ನಾನು ಹದಿನಾಲ್ಕೂ ಡಬ್ಬಿಯ ಮುಚ್ಚಳ ತೆಗೆದು
ತೆಂಕಣ ಕಿಟಕಿಯ ಕಟ್ಟೆಗೆ ಸಾಲಾಗಿ ಇಟ್ಟೆ,
ಹಪ್ಪಳ ಒಣಗಿಸುವವಳ ಹಾಗೆ ಕಾವಲು ಕೂತೆ.

ಬಂತು. ಹನ್ನೊಂದು ನಿಮಿಷ.

'ಕೆಂಪು' ಎಂದು ಬರೆದದ್ದರಲ್ಲಿ ಕೆಂಪು.
'ಕುರಿಯ ಬಿಳಿ'ಯಲ್ಲಿ ಕುರಿಯ ಬಿಳಿ,
ಒಂದೆರಡು ಹುಲ್ಲುಕಡ್ಡಿಯೂ.
'ಹಸಿರು, ಎಲೆಗೆ' ಎಂಬ ಡಬ್ಬಿಯಲ್ಲಿ
ಹಸಿರು ಮೂರು ಲಡಿ, ಉಳಿದದ್ದೆಲ್ಲ ನೀಲಿ.
'ನೀಲಿ, ಗಂಟೆಹೂವಿಗೆ' ಅಂದಲ್ಲಿ
ನೇರಳೆ, ಬೂದಿ, ಪಾಚಿಯ ಬಣ್ಣದ್ದೊಂದು ಎಳೆ.

ಆಗ ಅಕ್ಷರ ನೋಡಿದೆ.
ಮೊದಲ ಡಬ್ಬಿಗಳ ಮೇಲೆ ಇರುವೆ ಸಾಲಿನಂಥ ಅವಳ ಬರಹ,
ಸಪುರ ನಿಬ್ಬಿನದು.
ಡಬ್ಬಿಯಿಂದ ಡಬ್ಬಿಗೆ ಅಕ್ಷರ ಬೆಳೆಯುತ್ತ ಬೆಳೆಯುತ್ತ
ಕೊನೆಯದರ ಮೇಲೆ ದಪ್ಪ ಶಾಯಿಯಲ್ಲಿ
ಮುಚ್ಚಳ ಪೂರಾ ಒಂದೇ ಪದ.
ಅಂಗಡಿ ಬೋರ್ಡಿನಷ್ಟು ದೊಡ್ಡದು.

ಲಂಗ ಬಿಚ್ಚಿ ಅಂಚಿನ ಮೇಲೆ ಬೆರಳೋಡಿಸಿದೆ.
ಎಲೆ, ಎಲೆ, ಹೂವು, ಎಲೆ.
ಏಳನೆಯ ಎಲೆ ನೀಲಿ.
ಹೊಲಿಗೆಯಲ್ಲಿ ಒಂದು ಕುಂದಿಲ್ಲ;
ಹಿಂಬದಿ ತಿರುಗಿಸಿದರೆ ಗಂಟು ಕೂಡ ಕಾಣದು.

ಬಿಸಿಲು ಕಟ್ಟೆ ಬಿಟ್ಟು, ಗೋಡೆ ಬಿಟ್ಟು, ಹೋಯಿತು.

ಸಂಜೆ ಫೋನು.
'ಡಬ್ಬಿ ಎಲ್ಲ ಸರಿ ಇದ್ದವಾ?'
'ಒಂದು ಎಳೆ ಆಚೀಚೆ ಆಗಿಲ್ಲ ಕಣೇ.'
ಆ ಕಡೆ ಕೆಟಲ್ಲು ಕುದಿಯುವ ಸದ್ದು.
'ಚಿಕ್ಕಂದಿನಿಂದಲೂ ನಿನಗೆ ಸುಳ್ಳು ಹೇಳೋಕೆ ಬರಲ್ಲ' ಅಂದಳು.
'ಎಷ್ಟನೇ ಎಲೆ?'
'ಏಳು.'
'ಬರೀ ಒಂದೇನಾ?' ಅವಳ ದನಿಯಲ್ಲಿ ಖುಷಿಯಿತ್ತು, ದೇವರಾಣೆ.
'ಡಾಕ್ಟರು ವಸಂತಕ್ಕೆ ಬಾ ಅಂದಿದ್ದಾರೆ.
ನೀನು ಅದನ್ನ ಬಿಚ್ಚಿಬಿಡು.'

ಹೂಂ ಅಂದೆ.

ಈಗ ಮಾರ್ಚಿ. ಬೆಳಕು ಬೇಕಾದಷ್ಟಿದೆ.
ನಂಬರು ನೋಡಿ ಲಡಿ ಜೋಡಿಸಿದ್ದೇನೆ,
ಸೀವ್ ಬಂದು ಹೊಸ ಚೀಟಿ ಅಂಟಿಸಿದ್ದಾಳೆ,
ಅಜ್ಜಿಯ ಕೊನೆಯ ಮುಚ್ಚಳವೊಂದನ್ನು ಮುಟ್ಟಲು ಬಿಟ್ಟಿಲ್ಲ.
ಹಸಿರು ಹಸಿರಿನಲ್ಲಿ, ನೀಲಿ ನೀಲಿಯಲ್ಲಿ,
ಸೂಜಿ ಬೆಂಡಿನಲ್ಲಿ,
ಕತ್ತರಿ ಗಾಳದ ಪೆಟ್ಟಿಗೆಯ ಅಗಲದ ಖಾನೆಯಲ್ಲಿ.
ಈ ಮನೆಯಲ್ಲಿ ಇಷ್ಟು ಅಚ್ಚುಕಟ್ಟು ಎಂದೂ ಇರಲಿಲ್ಲ.

ಐನಾರ್ ಕೇಳುತ್ತಾನೆ: 'ಆ ಎಲೆ ಬಿಚ್ಚಿದೆಯಾ?'
'ಕತ್ತರಿ ಸಿಗುತ್ತಿಲ್ಲ' ಅನ್ನುತ್ತೇನೆ.